ಉದ್ದಪ್ಪನ ಕೋಟು

ಆ ಚರ್ಚಿನ ಸಭೆಯ ಪಾದ್ರಿಗಳಿಗೆ ಒಂದು ಹಟವಿತ್ತು. ಕಾಣಿಕೆ ತರುವವರ ಕೈಯನ್ನು ಅವರು ನೋಡುತ್ತಿರಲಿಲ್ಲ, ಮುಖ ನೋಡುತ್ತಿದ್ದರು. "ಮುಖ ಗಂಟು ಹಾಕ್ಕೊಂಡು ತಂದಿದ್ರೆ ದಯವಿಟ್ಟು ಮನೆಗೇ ವಾಪಸ್ ತಗೊಂಡು ಹೋಗಿ. ದೇವರಿಗೆ ಅಂಥ ಗತಿಗೇಡು ಇನ್ನೂ ಬಂದಿಲ್ಲ" ಅಂತ ಎಲ್ಲರ ಎದುರಿಗೇ ಹೇಳಿಬಿಡುತ್ತಿದ್ದರು. ಹೇಳಿ ಮೊದಲು ತಾವೇ ನಗುತ್ತಿದ್ದರು. ಪಾದ್ರಿಗಳು ನಕ್ಕ ಮೇಲೆ ಸಭೆ ನಗದೆ ಇರುವುದುಂಟೇ, ಅದೂ ನಗುತ್ತಿತ್ತು.

ವರ್ಷಕ್ಕೊಮ್ಮೆ ಅಲ್ಲಿ ಕಾಣಿಕೆಯ ಭಾನುವಾರ. ಆವತ್ತು ಕಾಣಿಕೆಯ ಚೀಲ ಬೆಂಚಿನಿಂದ ಬೆಂಚಿಗೆ ಹೋಗುವುದಿಲ್ಲ. ವೇದಿಯ ಮುಂದೆ ಉದ್ದನೆಯ ಮೇಜು ಇಟ್ಟು ಬಿಳಿ ಬಟ್ಟೆ ಹಾಸುತ್ತಾರೆ. ಮನೆಗೊಂದರಂತೆ ಏನಾದರೂ ವಸ್ತು ತರಬೇಕು. ಹೊಸದಾದರೂ ಸೈ, ಹಳೆಯದಾದರೂ ಸೈ, ಆದರೆ ಕೊಡುವವರಿಗೆ ಅದು ಇನ್ನೂ ಬೇಕಾದದ್ದಾಗಿರಬೇಕು. ಹಾಡುತ್ತಾ ಚಪ್ಪಾಳೆ ತಟ್ಟುತ್ತಾ ಹೋಗಿ ತಮ್ಮ ಕೈಯಾರೆ ಮೇಜಿನ ಮೇಲಿಟ್ಟು ಬರಬೇಕು. ಆಮೇಲೆ ಅದೆಲ್ಲ ಗುಡಿಯ ಹಿಂದಿನ ಕೋಣೆಗೆ ಹೋಗುತ್ತದೆ, ಇಲ್ಲದವರು ಬಂದು ಒಯ್ಯುತ್ತಾರೆ. ಕೊಟ್ಟವರು ಯಾರು ಅಂತ ಒಯ್ಯುವವರಿಗೆ ಹೇಳುವಂತಿಲ್ಲ, ಎಲ್ಲಿ ಹೋಯಿತು ಅಂತ ಕೊಟ್ಟವರು ಕೇಳುವಂತಿಲ್ಲ.

ನಿಯಮವೇನೋ ಚೆಂದವೇ. ಪಾಲಿಸಬೇಕಾದವರು ಮಾತ್ರ ಮನುಷ್ಯರು. ಔಷಧಿ ಅಂಗಡಿಯವನು ಪ್ರತಿವರ್ಷ ಯಾವುದೋ ಕಂಪನಿಯವರು ಪುಕ್ಕಟೆ ಕೊಟ್ಟ ಗೋಡೆ ಗಡಿಯಾರ ತಂದಿಟ್ಟು, ಮಗಳನ್ನು ಗಂಡನ ಮನೆಗೆ ಕಳಿಸಿದವನ ಹಾಗೆ ಕಣ್ಣೊರೆಸಿಕೊಳ್ಳುತ್ತಿದ್ದ. ಹಾಡಿನ ಗುಂಪಿನ ಹಿರಿಯಳು ತನ್ನ ಕಾಲಿಗೆ ಬಿಗಿಯಾದ ಚಪ್ಪಲಿಗಳನ್ನು ಗಟ್ಟಿ ದನಿಯಲ್ಲಿ ಹಾಡುತ್ತಾ ಒಪ್ಪಿಸುತ್ತಿದ್ದಳು. ಪಾದ್ರಿಗಳಿಗೆ ಇದೆಲ್ಲ ಗೊತ್ತಿರಲಿಲ್ಲ ಅಂತಲ್ಲ. ಮುಖದಲ್ಲಿ ನಗು ಇದೆಯಲ್ಲ ಅಂತ ಸುಮ್ಮನಿರುತ್ತಿದ್ದರು.

ಟೈಲರಮ್ಮ ಮಾತ್ರ ಹಾಗಲ್ಲ. ಒಂದು ವರ್ಷ ತನ್ನ ಒಳ್ಳೆಯ ಕತ್ತರಿಯನ್ನೇ ಮೇಜಿನ ಮೇಲಿಟ್ಟು ಬಂದು, ಎಷ್ಟೋ ದಿನ ಮೊಂಡು ಕತ್ತರಿಯಲ್ಲಿ ಬಟ್ಟೆ ಕತ್ತರಿಸುತ್ತಾ ತನ್ನನ್ನು ತಾನೇ ಬೈದುಕೊಂಡವಳು ಅವಳು. ಮನೆಯ ಮುಂದಿನ ಕೋಣೆಯೇ ಅಂಗಡಿ. ಬೀದಿಯ ಕಿಟಕಿಗೆ ಒತ್ತಿಕೊಂಡು ಎರಡು ಹೊಲಿಗೆ ಮಿಷನ್ನು, ನಡುವೆ ಕತ್ತರಿಸುವ ಮೇಜು, ಗೋಡೆಗುಂಟ ಹೊಲಿದಿಟ್ಟ ಬಟ್ಟೆಗಳ ಸಾಲು. ಅವಳು ಅಳತೆ ಬರೆದಿಟ್ಟುಕೊಳ್ಳುತ್ತಿರಲಿಲ್ಲ. ಒಮ್ಮೆ ಟೇಪು ಹಿಡಿದರೆ ಸಾಕು, ಆ ಮೈ ಅವಳ ಕೈಯಲ್ಲಿ ಕೂತುಬಿಡುತ್ತಿತ್ತು. ಗಿರಾಕಿಗಳನ್ನು ಬೈಯುವುದರಲ್ಲೂ ಎತ್ತಿದ ಕೈ. "ಹೊಟ್ಟೆ ಬಿಡಿ. ದಿನವಿಡೀ ಹೀಗೇ ಒಳಗೆ ಎಳ್ಕೊಂಡು ಓಡಾಡ್ತೀರಾ?" ಅನ್ನುವಳು. ಬೈಸಿಕೊಂಡವರೇ ಮತ್ತೆ ಮತ್ತೆ ಬರುತ್ತಿದ್ದರು. ಜೊತೆಗೆ ತಂಗಿಯಿದ್ದಳು. ಕಾಜಾ, ಗುಂಡಿ, ಅಂಚು ಮಡಿಸುವುದು ತಂಗಿಯ ಕೆಲಸ. ಗಂಡನೆಂಬವನು ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಇದ್ದವನು ಒಬ್ಬ ಮಗ.

ಆ ಮಗನನ್ನು ಸಭೆಯಲ್ಲಿ ಎಲ್ಲರೂ ಉದ್ದಪ್ಪ ಅಂತಲೇ ಕರೆಯುತ್ತಿದ್ದರು. ಗುಡಿಯ ಬಾಗಿಲಲ್ಲಿ ತಲೆ ಬಗ್ಗಿಸಿ ಬರುತ್ತಿದ್ದವನು ಅವನೊಬ್ಬನೇ. ಎತ್ತರ ಒಂದು ಕಡೆಗಿರಲಿ, ಭುಜವೂ ಬಾಗಿಲಗಲ. ಅವನನ್ನು ಪುಟ್ಟ ಅಂತ ಕರೆಯುತ್ತಿದ್ದವಳು ಅಮ್ಮ ಮಾತ್ರ, ಅದನ್ನು ಕೇಳಿ ನಗದವರಿರಲಿಲ್ಲ. ಅವನಿಗೆ ದೊಡ್ಡ ಕಟ್ಟಡಗಳಿಗೆ ಕಿಟಕಿಗಾಜು ಕೂರಿಸುವ ಕೆಲಸ. ಅಂಗಡಿಯಲ್ಲಿ ಸಿಗುವ ಯಾವ ಕೋಟಿನ ತೋಳೂ ಅವನ ಮಣಿಕಟ್ಟು ಮುಟ್ಟುತ್ತಿರಲಿಲ್ಲವಾದ್ದರಿಂದ ಅಮ್ಮನೇ ದಪ್ಪ ಉಣ್ಣೆಯ ಕಪ್ಪು ಕೋಟು ಹೊಲಿದಿದ್ದಳು. ಉಣ್ಣೆ ತಾಗಿದರೆ ಅವನ ಕುತ್ತಿಗೆ ತುರಿಸುತ್ತಿತ್ತು, ಅದಕ್ಕೆ ಕಾಲರಿನ ಒಳಗೆ ಮೆತ್ತನೆಯ ಹತ್ತಿಬಟ್ಟೆ ಕೊಟ್ಟಳು. ಗಾಜು ಕೊಯ್ಯುವ ಉಳಿ ಎದೆಗೆ ಚುಚ್ಚಬಾರದಲ್ಲ, ಅದಕ್ಕೆ ಒಳಗೆ ಒಂದು ಸಣ್ಣ ಜೇಬು ಮಾಡಿ ಚರ್ಮದ ತುಂಡು ಹಚ್ಚಿದಳು. ಅದನ್ನು ಹಾಕಿಕೊಂಡು ಅವನು ಕನ್ನಡಿಯ ಮುಂದೆ ನಿಂತಾಗ ತಲೆಯೇ ಕಾಣಿಸುತ್ತಿರಲಿಲ್ಲ. "ಅಮ್ಮ, ಕೋಟು ಚೆನ್ನಾಗಿದೆ. ಒಳಗಿರೋನು ಯಾರು?" ಅಂತ ಕೇಳಿದ್ದ.

ಅವನು ಬಿದ್ದ ದಿನ ಬಿಸಿಲಿತ್ತು. "ಕೋಟು ಬೇಡಮ್ಮ, ಸೆಖೆ" ಅಂದು ಒಳಗಿನ ಕೋಣೆಯ ಬಾಗಿಲ ಹಿಂದಿನ ಮೊಳೆಯಲ್ಲೇ ಬಿಟ್ಟು ಹೋಗಿದ್ದ. ಮೇಲಿನ ಅಂತಸ್ತಿನಲ್ಲಿ ಹಲಗೆ ಜಾರಿತಂತೆ. ಕೈಯಲ್ಲಿದ್ದ ಗಾಜನ್ನು ಬಿಟ್ಟಿದ್ದರೆ ಹಿಡಿದುಕೊಳ್ಳಬಹುದಿತ್ತು, ಕೆಳಗೆ ಜನ ಇದ್ದರು ಅಂತ ಬಿಡಲಿಲ್ಲ ಅಂದರು ಜೊತೆಗಾರರು. ಆ ಮಾತನ್ನು ಸಮಾಧಾನಕ್ಕೆಂದು ಹೇಳಿದರು. ಅಮ್ಮನಿಗೆ ಅದರಿಂದ ಯಾವ ಸಮಾಧಾನವೂ ಆಗಲಿಲ್ಲ.

ಕೋಟು ಮೊಳೆಯಲ್ಲೇ ಉಳಿಯಿತು. ಟೈಲರಮ್ಮ ವಾರಕ್ಕೊಮ್ಮೆ ಅದನ್ನು ಬ್ರಷ್ಷಿನಿಂದ ಉಜ್ಜಿ, ಗುಂಡಿ ಸಡಿಲಾಗಿದೆಯೇ ನೋಡಿ, ಮತ್ತೆ ತೂಗುಹಾಕುತ್ತಿದ್ದಳು. ಮಗನ ಸುದ್ದಿ ಎತ್ತಿದರೆ ಅವಳ ಮಾತಿನಲ್ಲಿ ಅವನು ಇನ್ನೂ ಇದ್ದ. "ಅವನಿಗೆ ಖಾರ ಆಗಲ್ಲ" ಅನ್ನುವಳು, "ಅವನಿಗೆ ಈ ಬಣ್ಣ ಒಪ್ಪುತ್ತೆ" ಅನ್ನುವಳು. ತಿದ್ದಲು ತಂಗಿಗೆ ಬಾಯಿ ಬರುತ್ತಿರಲಿಲ್ಲ. ಯಾರಿಗೆ ತಾನೇ ಬಂದೀತು.

ಆ ವರ್ಷದ ಕಾಣಿಕೆಯ ಭಾನುವಾರ ಹತ್ತಿರ ಬಂದಾಗ ಟೈಲರಮ್ಮ ಕೋಟನ್ನು ಮೊಳೆಯಿಂದ ತೆಗೆದು ಮಡಿಸತೊಡಗಿದಳು. ತಂಗಿ ಗಾಬರಿಯಾದಳು.

"ದಿಂಬಿನ ಕವರ್ ಹೊಲಿದಿಟ್ಟಿದೀನಲ್ಲಕ್ಕ, ಅದನ್ನ ಕೊಡು."

"ದಿಂಬಿನ ಕವರ್ ಮೇಲೆ ನನಗೇನೂ ಪ್ರೀತಿ ಇಲ್ಲ."

"ಯಾರಿಗೆ ತೋರಿಸೋಕೆ ಇದೆಲ್ಲ? ಕೊಟ್ಟ ಮೇಲೆ ಹೊಟ್ಟೆ ಉರ್ಕೊಳ್ಳೋದು ನೀನೇ."

"ಕೊಟ್ಟರೆ ಹಗುರಾಗುತ್ತೆ ಅಂತಾರೆ" ಅಂದಳು ಟೈಲರಮ್ಮ. ಮುಖದಲ್ಲಿ ಏನೋ ಒಂದು ಕಳೆ ಬಂದಿತ್ತು. 

ಭಾನುವಾರ ಅವಳು ಕೋಟನ್ನು ಮಗುವಿನಂತೆ ಎದೆಗವಚಿಕೊಂಡು ನಡೆದಳು. ಹಾಡುತ್ತಿದ್ದವರು ಅದನ್ನು ಗುರುತಿಸಿದರು, ಒಂದೊಂದೇ ದನಿ ನಿಂತಿತು. ಚಪ್ಪಾಳೆಯೂ ನಿಂತಿತು. ಇಡೀ ಗುಡಿಯಲ್ಲಿ ನಗುತ್ತಿದ್ದವಳು ಅವಳೊಬ್ಬಳೇ. ಕೋಟನ್ನು ಮೇಜಿನ ಮೇಲಿಟ್ಟು, ತೋಳುಗಳನ್ನು ನೀಟಾಗಿ ಮಡಿಸಿ, ಕಾಲರನ್ನು ಒಮ್ಮೆ ಸವರಿ, ನಗುನಗುತ್ತಾ ಬಂದು ಕೂತಳು. ಪಾದ್ರಿಗಳು ಆವತ್ತಿನ ಪ್ರಾರ್ಥನೆಯನ್ನು ಎರಡೇ ಮಾತಿನಲ್ಲಿ ಮುಗಿಸಿದರು. ಆಮೇಲೆ ಎಷ್ಟೋ ವಾರ ಅವರು ಪ್ರಸಂಗದಲ್ಲಿ ಅವಳ ಹೆಸರೆತ್ತದೆ ಅವಳನ್ನೇ ಹೊಗಳಿದರು, ಎಲ್ಲರೂ ಕತ್ತು ತಿರುಗಿಸಿ ಅವಳನ್ನೇ ನೋಡಿದರು.

ಅವಳ ನಗುವಿನ ಗುಟ್ಟು ಮಾತ್ರ ಬೇರೆ ಇತ್ತು. ಅದನ್ನು ಅವಳು ಪಾದ್ರಿಗಳಿಗೂ ಹೇಳಲಿಲ್ಲ, ತಂಗಿಗೂ ಹೇಳಲಿಲ್ಲ. ದೇವರ ಮೇಜಿನ ಮೇಲಿಟ್ಟದ್ದು ದೇವರಿಗೆ ಸೇರುತ್ತದೆ. ಮಗ ಇರುವುದು ದೇವರ ಹತ್ತಿರ. ಅಂದಮೇಲೆ ಕೋಟು ಅವನಿಗೆ ತಲುಪದೆ ಎಲ್ಲಿಗೆ ಹೋಗುತ್ತದೆ? ನೋಡಿ, ಇವಳು ಗುಡಿಯ ಹಿಂದಿನ ಕೋಣೆಯಲ್ಲಿ ಕೂತು ಎಷ್ಟೋ ವರ್ಷ ಬಂದ ಬಟ್ಟೆಗಳನ್ನು ಬೇರ್ಪಡಿಸಿದವಳು. ಮೇಜಿನ ಮೇಲಿನದು ಯಾರ ಯಾರ ಬೆನ್ನೇರುತ್ತದೆ ಅಂತ ಇವಳಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಬೇರೆ ಯಾರಾದರೂ ಹೀಗಂದಿದ್ದರೆ "ತಲೆ ಕೆಟ್ಟಿದೆಯೇ ನಿನಗೆ" ಅಂತ ಜಾಡಿಸುತ್ತಿದ್ದಳು. ಆದರೆ ಹೆತ್ತ ಹೊಟ್ಟೆ ಲೆಕ್ಕ ಕೇಳುವುದಿಲ್ಲ. ಸೆಖೆ ಅಂತ ಬಿಟ್ಟು ಹೋದವನಿಗೆ ಚಳಿಗಾಲಕ್ಕೆ ಕೋಟು ಕಳಿಸಿದ ಹಾಗಾಯಿತು ಅಂತ ಆವತ್ತು ಮಧ್ಯಾಹ್ನ ಅವಳು ಹೊಟ್ಟೆ ತುಂಬ ಉಂಡು, ಒಳ್ಳೆಯ ನಿದ್ದೆ ಮಾಡಿದಳು.

ಚಳಿ ಶುರುವಾದ ಮೇಲೆ ಒಂದು ಬೆಳಿಗ್ಗೆ ಅಂಗಡಿ ಬಾಗಿಲಲ್ಲಿ ಒಬ್ಬ ನಿಂತಿದ್ದ. ಗಿಡ್ಡ ಆಳು, ಭುಜ ಮಾತ್ರ ಅಗಲ, ಮುಖದ ತುಂಬ ನಗು. ತಾನು ಕೆಳಬೀದಿಯ ಗೋದಾಮಿನ ಕಾವಲಿನವನು, ಈ ಊರಿಗೆ ಹೊಸಬ ಅಂತ ಹೇಳಿಕೊಂಡ. ಮೈಮೇಲೆ ಉದ್ದಪ್ಪನ ಕೋಟಿತ್ತು. ತೋಳು ಮಡಿಸಿ ಮಡಿಸಿ ಮಣಿಕಟ್ಟಿನ ಹತ್ತಿರ ದಪ್ಪ ಸುರುಳಿಯಾಗಿತ್ತು, ಕೆಳಗಿನ ಅಂಚು ಕಾಲಿಗೆ ಬಡಿಯುತ್ತಿತ್ತು.

"ಅಕ್ಕಾ, ಇದನ್ನ ಗುಡಿಯ ಹಿಂದಿನ ಕೋಣೇಲಿ ಕೊಟ್ರು. ಅಗಲಕ್ಕೆ ನನ್ನನ್ನೇ ನಿಲ್ಲಿಸಿ ಹೊಲಿದ ಹಾಗಿದೆ. ಉದ್ದಕ್ಕೆ ಮಾತ್ರ ನನ್ನ ಮೇಲೆ ಇನ್ನೊಬ್ಬನ್ನ ನಿಲ್ಲಿಸಬೇಕು. ಮೊದಲು ಹಾಕ್ಕೊಂಡಿದ್ದ ಪುಣ್ಯಾತ್ಮ ಲೈಟು ಕಂಬ ಇರಬೇಕು!" ಅಂತ ತನ್ನ ಮಾತಿಗೆ ತಾನೇ ನಕ್ಕ. "ತೋಳು ಕತ್ತರಿಸಿ ಗಿಡ್ಡ ಮಾಡ್ಕೊಡ್ತೀರಾ?"

 ತಂಗಿಯ ಕೈಯಲ್ಲಿದ್ದ ಸೂಜಿ ಅಲ್ಲೇ ನಿಂತಿತು. ಆದರೆ ಟೈಲರಮ್ಮನ ಕಸುಬಿನ ಕೈ ತನ್ನಷ್ಟಕ್ಕೆ ಟೇಪು ಎತ್ತಿಕೊಂಡು ಅವನ ಭುಜದಿಂದ ಮಣಿಕಟ್ಟಿನವರೆಗೆ ಅಳೆಯಿತು. "ಬಿಟ್ಟು ಹೋಗಿ. ಮುಂದಿನ ವಾರ ಬನ್ನಿ" ಅನ್ನುವಷ್ಟು ದನಿ ಹೇಗೋ ಹೊರಟಿತು. ಅವನು ಕೋಟು ಕಳಚಿ ಮೇಜಿನ ಮೇಲಿಟ್ಟು, ತೆಳ್ಳನೆಯ ಸ್ವೆಟರಿನಲ್ಲಿ ಕೈ ಉಜ್ಜುತ್ತಾ ಹೊರಟುಹೋದ.

ಅವನು ತಿರುವು ದಾಟಿದ ಮೇಲೆ ಅವಳು ಕೋಟಿಗೆ ಮುಖ ಒತ್ತಿದಳು. ಬೇರೆ ಯಾರದೋ ಬೆವರು, ಬೇರೆ ಯಾರದೋ ತಂಬಾಕು.  ಸಿಟ್ಟು ಬಂದದ್ದು ಕಾವಲಿನವನ ಮೇಲಲ್ಲ, ಮೇಲಿನವನ ಮೇಲೆ. "ನಿನ್ನ ಕೈಗೆ ಕೊಟ್ಟೆ ತಾನೇ ನಾನು? ನಗ್ತಾ ಕೊಟ್ಟೆ ತಾನೇ?" ಅಂತ ಸೂರು ನೋಡಿಕೊಂಡು ಕೂಗಿದಳು. "ತಲುಪಿಸೋಕೆ ಆಗದೆ ಇದ್ರೆ ಯಾಕೆ ಇಸ್ಕೊಂಡೆ?"

ಆಗಷ್ಟೇ ತಂಗಿಗೆ ಅಕ್ಕನ ನಗುವಿನ ಗುಟ್ಟು ಹೊಳೆದದ್ದು. ಅವಳು ಎದ್ದು ಹೋಗಿ ಒಲೆಯ ಮೇಲೆ ನೀರಿಟ್ಟಳು.

ಮುಂದಿನ ವಾರ ಕಾವಲಿನವನು ಬಂದ. ಮಿಷನ್ನಿನ ಸೂಜಿ ಮುರಿದಿದೆ ಅಂದಳು. ಅದರ ಮುಂದಿನ ವಾರ ಬಂದ. ದಪ್ಪ ಉಣ್ಣೆಗೆ ಬೇಕಾದ ದಾರ ಸಿಕ್ಕಿಲ್ಲ ಅಂದಳು. ಅವನು ಒಮ್ಮೆಯೂ ಮುಖ ಸಿಂಡರಿಸಲಿಲ್ಲ. "ಅದಕ್ಕೇನಕ್ಕ, ಆದಾಗ ಆಗ್ಲಿ" ಅಂತ ಕೆಮ್ಮುತ್ತಾ ಹೋಗುತ್ತಿದ್ದ. ಆ ಕೆಮ್ಮು ವಾರದಿಂದ ವಾರಕ್ಕೆ ಜೋರಾಗುತ್ತಿತ್ತು. ಟೈಲರಮ್ಮ ಆ ಸದ್ದು ಕೇಳದ ಹಾಗೆ ಮಿಷನ್ನು ತುಳಿಯುತ್ತಿದ್ದಳು. ಕೋಟು ಒಳಗಿನ ಕೋಣೆಯ ಮೊಳೆಗೆ ವಾಪಸಾಗಿತ್ತು.

ಕಡೆಗೆ ತಂಗಿ ಬಾಯಿಬಿಟ್ಟಳು. "ಅಕ್ಕ, ಇದು ಕೊಟ್ಟಿದ್ದನ್ನ ಕಸ್ಕೊಂಡ ಹಾಗಾಯ್ತು."

"ಕತ್ತರಿಸು ಅಂತಾನಲ್ಲೇ ಅವನು! ಹೇಗೆ ಕತ್ತರಿಸಲಿ? ಕತ್ತರಿಸಿದ್ರೆ ಪುಟ್ಟನಿಗೆ ಹೇಗಾಗುತ್ತೆ ಅದು?"

ತಂಗಿ ಅಕ್ಕನ ಮುಖವನ್ನೇ ನೋಡಿದಳು. ಹೇಳಬೇಕಾದದ್ದನ್ನು ನುಂಗಿಕೊಂಡು ಬೇರೆ ಮಾತು ಹೇಳಿದಳು. "ಹಾಗಿದ್ರೆ ಅವನಿಗೊಂದು ಹೊಸದು ಹೊಲಿದು ಕೊಟ್ಟುಬಿಡು. ಇದು ಇಲ್ಲೇ ಇರ್ಲಿ. ಅವನಿಗೆ ಚಳಿ ತಪ್ಪುತ್ತೆ, ನಿನಗೂ ನೆಮ್ಮದಿ."

ಹೋದ ಜೀವ ಬಂದಂತಾಯಿತು ಟೈಲರಮ್ಮನಿಗೆ. ಇಷ್ಟು ಸುಲಭದ ದಾರಿ ತನಗೇ ಹೊಳೆಯಲಿಲ್ಲವಲ್ಲ! ಪೆಟ್ಟಿಗೆಯ ತಳದಲ್ಲಿ ಜೋಪಾನವಾಗಿಟ್ಟಿದ್ದ ಒಳ್ಳೆಯ ಉಣ್ಣೆಬಟ್ಟೆ ತೆಗೆದಳು. ಮೇಜಿನ ಮೇಲೆ ಹರಡಿ ಸೀಮೆಸುಣ್ಣದಲ್ಲಿ ಗೆರೆ ಎಳೆದಳು, ಟೇಪಿನ ಕಡೆ ಕಣ್ಣೂ ಹಾಯಿಸದೆ ಕತ್ತರಿ ಆಡಿಸಿದಳು. ಕತ್ತರಿ ಸರಾಗವಾಗಿ ಓಡಿತು. ಬೇರೆ ಗಿರಾಕಿಗಳ ಬಟ್ಟೆಯೆಲ್ಲ ಮೂಲೆಗೆ ಬಿತ್ತು. ಹೊಲಿಯುತ್ತಾ ಹೊಲಿಯುತ್ತಾ ಯಾವಾಗ ಹಾಡಲು ಶುರುಮಾಡಿದಳೋ ಅವಳಿಗೇ ತಿಳಿಯಲಿಲ್ಲ. ಗುಡಿಯಲ್ಲಿ ಕಾಣಿಕೆ ಒಪ್ಪಿಸುವಾಗ ಹಾಡುವ ಹಾಡೇ. ಮಗ ಹೋದ ಮೇಲೆ ಆ ಮನೆಯಲ್ಲಿ ಹಾಡು ಕೇಳಿದ್ದು ಅದೇ ಮೊದಲು. ಕೈಯ ಕೆಲಸದಲ್ಲಿ ಅಷ್ಟು ಸಂತೋಷ ಅವಳಿಗೆ ಬಹಳ ದಿನಗಳಿಂದ ಆಗಿರಲಿಲ್ಲ. ಕೊಡುವ ಸಂತೋಷ ಅಂದರೆ ಇದೇ ಇರಬೇಕು, ಪಾದ್ರಿಗಳು ಸುಮ್ಮನೆ ಹೇಳುವುದಿಲ್ಲ ಅಂದುಕೊಂಡಳು. ತಂಗಿ ತೊಡೆಯ ಮೇಲೆ ಕೋಟು ಹಾಕಿಕೊಂಡು ಅಂಚು ಮಡಿಸುತ್ತಿದ್ದವಳು ಒಮ್ಮೆ ತಲೆಯೆತ್ತಿ ಏನೋ ಹೇಳಹೊರಟು, ಮತ್ತೆ ಸುಮ್ಮನಾದಳು.

ಕಾವಲಿನವನು ಬಂದಾಗ ಸಂಜೆ ಬಿಸಿಲು ಇನ್ನೂ ಇತ್ತು. ಟೈಲರಮ್ಮ ಹೇಳಬೇಕಾದ ಸುಳ್ಳನ್ನು ಮೊದಲೇ ಸಿದ್ಧ ಮಾಡಿಟ್ಟುಕೊಂಡಿದ್ದಳು.

"ತಪ್ಪು ತಿಳ್ಕೋಬೇಡಿ. ಇಸ್ತ್ರಿ ಮಾಡುವಾಗ ನಿಮ್ಮ ಕೋಟು ಸುಟ್ಟುಹೋಯ್ತು. ಅದರ ಬದಲು ಇದು. ಹೊಸ ಬಟ್ಟೆ, ಅದಕ್ಕಿಂತ ಒಳ್ಳೇದು."

ಅವನ ಮುಖದ ನಗು ಇಳಿದದ್ದನ್ನು ಅವಳು ನೋಡಿದ್ದು ಅದೇ ಮೊದಲು.

"ಸುಟ್ಟೇ ಹೋಯ್ತಾ? ಒಂಚೂರೂ ಉಳೀಲಿಲ್ವಾ?"

"ಹೊಸದು ಕೊಡ್ತಿದೀನಲ್ಲ, ಮತ್ತೇನು?" ಅಂದಳು ಬಿರುಸಾಗಿ.

"ಅಯ್ಯೋ, ನಿಮ್ಮ ಮೇಲೆ ಬೇಜಾರಿಲ್ಲಕ್ಕ." ಅವನು ಸ್ಟೂಲಿನ ಮೇಲೆ ಕೂತ. "ಹೇಗೆ ಹೇಳ್ಲಿ. ಚಿಕ್ಕಂದಿನಿಂದ ನಾನು ಬೇರೆಯವರು ಕೊಟ್ಟಿದ್ದು ಹಾಕ್ಕೊಂಡೇ ಬೆಳೆದವನು. ಹರಿದದ್ದು, ಬಣ್ಣ ಹೋದದ್ದು, ಇನ್ನೇನು ಬಿಸಾಕಬೇಕು ಅಂತ ಇಟ್ಟಿದ್ದು. ಇರಲಿ, ಕೊಟ್ಟೋರು ದೊಡ್ಡೋರು. ಆದ್ರೆ ಆ ಕೋಟು ಹಾಕ್ಕೊಂಡಾಗ ಕುತ್ತಿಗೆಗೆ ಮೆತ್ತಗೆ ಏನೋ ತಾಗಿತು. ನೋಡಿದ್ರೆ ಕಾಲರ್ ಒಳಗೆ ಹತ್ತಿಬಟ್ಟೆ. ಒಳಗೊಂದು ಪುಟ್ಟ ಜೇಬು, ಅದಕ್ಕೆ ಚರ್ಮ. ನನ್ನ ಸೀಟಿ ಇಡೋಕೆ ಅಂತಾನೇ ಮಾಡಿದ ಹಾಗಿತ್ತು. ಗುಂಡಿ ಒಂದೂ ಸಡಿಲ ಇಲ್ಲ. ಇದು ಬೇಡ ಅಂತ ಕೊಟ್ಟಿದ್ದಲ್ಲ, ಇದನ್ನ ಕೊಟ್ಟವರಿಗೆ ಇದು ಇನ್ನೂ ಬೇಕಿತ್ತು ಅಂತ ನನಗೆ ಗೊತ್ತಾಗಿಹೋಯ್ತು. ಅಂಥದ್ದನ್ನ ಯಾರೋ ನನಗೆ ಕೊಟ್ರಲ್ಲ ಅಂತ ಗೋದಾಮಿನ ಬಾಗಿಲಲ್ಲಿ ಕೂತು ಅತ್ತುಬಿಟ್ಟೆ. ಹುಚ್ಚ ಅಂದ್ಕೋತೀರೇನೋ."

ಟೈಲರಮ್ಮ ಏನೂ ಅಂದುಕೊಳ್ಳಲಿಲ್ಲ. ಅವಳ ಕೈ ಮೇಜಿನ ಅಂಚನ್ನು ಹಿಡಿದುಕೊಂಡಿತ್ತು.

ಅವಳಿಗೆ ಬೇಜಾರಾಯಿತೇನೋ ಅಂತ ಅವನೇ ಎದ್ದು ಹೊಸ ಕೋಟು ಎತ್ತಿಕೊಂಡ. "ಇದೂ ಭಾರಿ ಚೆನ್ನಾಗಿದೆ, ನನ್ನ ಯೋಗ್ಯತೆಗೆ ಜಾಸ್ತೀನೇ ಆಯ್ತು" ಅನ್ನುತ್ತಾ ತೊಟ್ಟುಕೊಂಡ. ಎದೆಗೆ ಸರಿಯಾಗಿ ಕೂತಿತು, ಭುಜಕ್ಕೆ ಸರಿಯಾಗಿ ಕೂತಿತು. ಕೈಗಳು ಮಾತ್ರ ಕಾಣಿಸಲಿಲ್ಲ. ತೋಳಿನ ತುದಿ ಬೆರಳುಗಳನ್ನು ದಾಟಿ ಖಾಲಿಯಾಗಿ ಜೋತುಬಿದ್ದಿತ್ತು. ಕೆಳಗಿನ ಅಂಚು ಕಾಲಿಗೆ ಬಡಿಯುತ್ತಿತ್ತು.

ಅವನಿಗೆ ನಗು ತಡೆಯಲಾಗಲಿಲ್ಲ. "ಅಕ್ಕಾ, ಮತ್ತೆ ಆ ಲೈಟು ಕಂಬಕ್ಕೇ ಹೊಲಿದಿದೀರಲ್ಲ!"

ಯಾರೂ ನಗಲಿಲ್ಲ. ತಂಗಿ ತಲೆ ತಗ್ಗಿಸಿದಳು. ತೋಳಿನ ಅಂಚು ಮಡಿಸುವಾಗಲೇ ಅವಳಿಗೆ ಗೊತ್ತಾಗಿತ್ತು. ಅಕ್ಕ ಹಾಡುತ್ತಿದ್ದಳು, ಅದಕ್ಕೇ ಬಾಯಿಬಿಟ್ಟಿರಲಿಲ್ಲ.

ಕಾವಲಿನವನು ನಗುತ್ತಲೇ ಕಾಲರಿಗೆ ಕೈ ಹಾಕಿದವನು ಅಲ್ಲೇ ನಿಂತ. ಕಾಲರಿನ ಒಳಗೆ ಹತ್ತಿಬಟ್ಟೆಯಿತ್ತು. ಎದೆಯ ಒಳಗೆ ಕೈ ಹಾಕಿದ. ಪುಟ್ಟ ಜೇಬಿತ್ತು, ಜೇಬಿಗೆ ಚರ್ಮವಿತ್ತು. ಹೊಲಿದವಳಿಗೇ ಅದು ಆಗ ಗೊತ್ತಾದದ್ದು. ಇವನಿಗೆ ಗಾಜು ಕೊಯ್ಯುವ ಉಳಿ ಯಾಕೆ ಬೇಕಿತ್ತು? ಚರ್ಮವನ್ನು ಯಾವಾಗ ಕತ್ತರಿಸಿದೆ, ಯಾವಾಗ ಹಚ್ಚಿದೆ ಅಂತ ನೆನಪು ಮಾಡಿಕೊಂಡರೆ ಒಂದೂ ನೆನಪಾಗಲಿಲ್ಲ. ಅಷ್ಟು ದಿನ ಹಾಡಿಕೊಂಡು ಅವಳು ಮಗನಿಗೇ ಹೊಲಿದಿದ್ದಳು.

"ಅದನ್ನೂ ನೀವೇ ಹೊಲಿದಿದ್ದಾ ಅಕ್ಕ?" ಅವನ ದನಿ ಪೂರ್ತಿ ಇಳಿದಿತ್ತು. "ಯಾರಿಗೆ?"

"ಮಗನಿಗೆ."

"ಎಲ್ಲಿದಾನೆ?"

ಟೈಲರಮ್ಮ ಒಳಗಿನ ಕೋಣೆಯ ಮೊಳೆಯ ಕಡೆ ನೋಡಿದಳು. ತಂಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವನಿಗೆ ಅಷ್ಟು ಸಾಕಾಯಿತು. ಹೊಸ ಕೋಟನ್ನು ಮೆಲ್ಲಗೆ ಕಳಚಿ, ಮಡಿಸಿ, ಮೇಜಿನ ಮೇಲಿಟ್ಟ.

"ನನ್ನ ನಾಲಿಗೆಗೆ ಬೆಂಕಿ ಹಾಕ. ಕಂಬ ಅಂದುಬಿಟ್ಟೆ. ಆ ಕೋಟು ಸುಟ್ಟಿಲ್ಲ ಅಲ್ವಾ? ಒಳ್ಳೇದಾಯ್ತು. ನೀವೇ ಇಟ್ಕೊಳ್ಳಿ ಅಕ್ಕ. ನನಗೆ ಸ್ವೆಟರ್ ಇದೆ." ಕೆಮ್ಮು ಬಂತು, ಅದನ್ನು ಬಲವಂತವಾಗಿ ನುಂಗಿಕೊಂಡು ಬಾಗಿಲ ಕಡೆ ನಡೆದ.

ಅವನು ಹೊಸ್ತಿಲು ದಾಟಿದ್ದರೆ ಎಲ್ಲವೂ ಸರಿಹೋಗುತ್ತಿತ್ತು. ಹಳೆಯ ಕೋಟು ಉಳಿಯುತ್ತಿತ್ತು. ಹೊಸದರ ತೋಳು ಗಿಡ್ಡ ಮಾಡಿ ನಾಳೆಯೋ ನಾಡಿದ್ದೋ ತಂಗಿಯ ಕೈಯಲ್ಲಿ ಗೋದಾಮಿಗೆ ಕಳಿಸಿದರೆ ಮುಗಿದುಹೋಗುತ್ತಿತ್ತು. ಟೈಲರಮ್ಮನಿಗೆ ಇದು ಹೊಳೆಯದೆ ಇರಲಿಲ್ಲ, ಚೆನ್ನಾಗಿಯೇ ಹೊಳೆಯಿತು. ಆದರೆ ಗೋದಾಮಿನ ಬಾಗಿಲಲ್ಲಿ ಕೂತು ಅತ್ತೆ ಅಂದನಲ್ಲ ಅವನು. ಕೋಟು ಎಲ್ಲಿಗೂ ತಲುಪಲಿಲ್ಲ ಅಂತ ಅವಳು ಸೂರು ನೋಡಿಕೊಂಡು ಕೂಗಿದ್ದಳು, ಅದು ಇವನಿಗೆ ತಲುಪಿತ್ತು. ತಲುಪಲು ಸಾಧ್ಯವಿದ್ದದ್ದು ಇಲ್ಲಿಗೆ ಮಾತ್ರ. ಪುಟ್ಟನಿಗೆ ತಲುಪುವ ದಾರಿ ಅನ್ನುವುದೇ ಇರಲಿಲ್ಲ. 

"ನಿಲ್ಲಿ" ಅಂದಳು.

ಒಳಗೆ ಹೋಗಿ ಮೊಳೆಯಿಂದ ಕೋಟು ತಂದಳು. "ತೊಟ್ಕೊಳ್ಳಿ."

"ಬೇಡಕ್ಕ, ನನ್ನ ಮಾತು ಕೇಳಿ."

"ನೀವು ನನ್ನ ಮಾತು ಕೇಳಿ. ಕೈ ಚಾಚಿ. ನೆಟ್ಟಗೆ ನಿಂತ್ಕೊಳ್ಳಿ, ಹೀಗೆ ಗೂನು ಬಿಟ್ಟರೆ ಅಳತೆ ಸಿಗಲ್ಲ." ಬೈಗುಳ ಎಂದಿನದೇ, ದನಿ ಮಾತ್ರ ಅವಳದಲ್ಲದ ಹಾಗಿತ್ತು.

ಅವನು ಮರುಮಾತಾಡದೆ ತೊಟ್ಟುಕೊಂಡು ಕೈ ಚಾಚಿದ. ಅವಳು ಮಣಿಕಟ್ಟಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದಳು. ಮಂಡಿಯೂರಿ ಕೂತು ಕೆಳಗೂ ಒಂದು ಗೆರೆ ಎಳೆದಳು. ಕೋಟು ಬಿಚ್ಚಿಸಿ ಮೇಜಿನ ಮೇಲೆ ಹರಡಿ ಕತ್ತರಿ ಹಿಡಿದಳು. ಗೆರೆಯ ಮೇಲೆ ಕತ್ತರಿಯಿಟ್ಟು ಮತ್ತೆ ತೆಗೆದಳು. ತಂಗಿ ಎದ್ದು ಬಂದು "ಕೊಡಕ್ಕ, ನಾನು ಕತ್ತರಿಸ್ತೀನಿ" ಅಂದಳು. ಅವಳು ಕೊಡಲಿಲ್ಲ. ದಪ್ಪ ಉಣ್ಣೆಯಲ್ಲಿ ಕತ್ತರಿ ಕಷ್ಟಪಟ್ಟು ಮುಂದೆ ಹೋಯಿತು. ಒಂದು ತೋಳಿನ ತುದಿ ಬಿತ್ತು, ಆಮೇಲೆ ಇನ್ನೊಂದು, ಕಡೆಗೆ ಕೆಳಗಿನ ಅಂಚು. ಅವಳ ಕಣ್ಣೀರು ಮೂಗಿನ ತುದಿಗೆ ಬಂದು ಬಟ್ಟೆಯ ಮೇಲೆ ಬೀಳುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

"ಪಾದ್ರಿಗಳು ನಗ್ತಾ ಕೊಡಿ ಅಂತಾರೆ" ಅಂದಳು ತಲೆಯೆತ್ತದೆ. "ಆವತ್ತು ನಕ್ಕಿದ್ದೆ. ಇವತ್ತು ನನ್ನ ಕೈಲಾಗಲ್ಲ."

"ನಗಬೇಡಿ ಅಕ್ಕ" ಅಂದ ಅವನು. ಅವನೂ ಅಳುತ್ತಿದ್ದ. ತಂಗಿಯ ಮಾತಂತೂ ಹೇಳುವುದೇ ಬೇಡ.

ಅಂಚು ಮಡಿಸಿ, ಮಿಷನ್ನಿಗೆ ಕೊಟ್ಟು, ಬಿಸಿ ಇಸ್ತ್ರಿ ಒತ್ತಿ, ಅವಳೇ ಹಿಂದೆ ನಿಂತು ತೊಡಿಸಿದಳು. ಮುಂದೆ ಬಂದು ಒಂದೊಂದೇ ಗುಂಡಿ ಹಾಕಿದಳು. ತೋಳು ಮಣಿಕಟ್ಟಿಗೆ ಸರಿಯಾಗಿ ನಿಂತಿತ್ತು. ಎಲ್ಲೂ ಸುಕ್ಕಿರಲಿಲ್ಲ. ಅವನಿಗೇ ಹೊಲಿದ ಕೋಟು ಅಂತ ಯಾರಾದರೂ ಹೇಳುವ ಹಾಗಿತ್ತು. ಅವನು ಅವಳ ಎರಡೂ ಕೈಗಳನ್ನು ಹಿಡಿದು ಕಣ್ಣಿಗೊತ್ತಿಕೊಂಡು ಕೆಲಸದ ಹೊತ್ತಾಯ್ತು ಅಂತ ಹೊರಟ. ಟೈಲರಮ್ಮ ಕಿಟಕಿಯಲ್ಲಿ ನಿಂತು ನೋಡಿದಳು. ಬೀದಿಯ ಜನರ ನಡುವೆ ಆ ಗಿಡ್ಡ ಆಳು ಬೇಗನೆ ಮರೆಯಾದ. ಉದ್ದಪ್ಪ ಹೋಗುವಾಗ ಬಹಳ ದೂರದವರೆಗೆ ಅವನ ತಲೆ ಕಾಣಿಸುತ್ತಿತ್ತು.

ತಂಗಿ ನೆಲದ ಮೇಲಿನ ಚೂರುಗಳನ್ನು ಬಳಿದು ತೆಗೆದಳು. ಮೇಜಿನ ಮೇಲೆ ಮಡಿಸಿಟ್ಟಿದ್ದ ಹೊಸ ಕೋಟು ಹಾಗೇ ಇತ್ತು. ಅಕ್ಕನಿಗೆ ಇದಾದರೂ ಉಳಿಯಿತಲ್ಲ ಅಂತ ಅವಳ ಮನಸ್ಸಿಗೆ ಬಂತು.

"ಇದನ್ನ ಒಳಗೆ ತೂಗುಹಾಕ್ಲಾ ಅಕ್ಕ, ಅವನ ಮೊಳೆಗೆ?"

ಟೈಲರಮ್ಮ ಕಿಟಕಿ ಬಿಟ್ಟು ಬಂದಳು. ಕೋಟನ್ನು ಬಿಡಿಸಿ, ಒಂದು ತೋಳನ್ನು ಮೇಜಿನುದ್ದಕ್ಕೂ ಚಾಚಿ, ಅಂಗೈಯಿಂದ ನೇರ ಮಾಡಿ ನೋಡಿದಳು. ಆಮೇಲೆ ಸೀಮೆಸುಣ್ಣ ಎತ್ತಿಕೊಂಡಳು.

"ಬೇಡ. ಇದನ್ನೂ ಗಿಡ್ಡ ಮಾಡಬೇಕು" ಅಂದಳು. "ಇಷ್ಟುದ್ದದವರು ನಮ್ಮಲ್ಲಿ ಯಾರೂ ಇಲ್ಲ ಕಣೇ."

ಹೇಳಿದ ಮಾತು ತನ್ನ ಕಿವಿಗೇ ಬಿದ್ದ ಮೇಲೆ ಅವಳಿಗೆ ನಿಲ್ಲಲಾಗಲಿಲ್ಲ. ಆ ತೋಳಿನ ಮೇಲೆ ತಲೆಯಿಟ್ಟು, ಮಗನನ್ನು ಮಣ್ಣಿಗಿಟ್ಟ ದಿನವೂ ಅಳದ ಹಾಗೆ ಅಳತೊಡಗಿದಳು. ತಂಗಿ ಹೋಗಿ ಅಂಗಡಿಯ ಬಾಗಿಲು ಮುಂದೆ ಮಾಡಿದಳು.